ಪೂರಕ ಸಾಕ್ಷ್ಯ ಒದಗಿಸುವ ಹೊಣೆ ಸಂತ್ರಸ್ತೆಯದಲ್ಲ



ವಕೀಲರ ಮತ್ತು ವೈದ್ಯರ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ವೃತ್ತಿಯ ಬಹುಪಾಲನ್ನು ವಿಚಾರಣಾ ನ್ಯಾಯಾಲಯಗಳಲ್ಲೇ ಕಳೆದವಳು ನಾನು. ಹಾಗಾಗಿ ಅಲ್ಲಿಯದೇ ಒಂದು ಪ್ರಶ್ನೆ ಎತ್ತಿಕೊಳ್ಳುತ್ತೇನೆ. ಅತ್ಯಾಚಾರ ಪ್ರಕರಣದಲ್ಲಿ ಸಂತ್ರಸ್ತೆಯ ಮಾತನ್ನು ನಂಬಲು ಇನ್ನೇನು ಬೇಕು? ಬೇಕಾದರೆ, ಅದನ್ನು ತಂದುಕೊಡಬೇಕಾದವರು ಯಾರು?

ಕಾನೂನಿನ ಮಟ್ಟಿಗೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿ ಬಹಳ ಕಾಲವಾಯಿತು. ಒಂದು ಸಂಗತಿಯನ್ನು ರುಜುವಾತುಪಡಿಸಲು ಇಂತಿಷ್ಟು ಸಾಕ್ಷಿಗಳು ಇರಲೇಬೇಕೆಂದು 1872ರ ಸಾಕ್ಷ್ಯ ಅಧಿನಿಯಮ ಹೇಳಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಹೇಳುವುದಿಲ್ಲ. ರಾಮೇಶ್ವರ್ ವಿರುದ್ಧ ರಾಜಸ್ಥಾನ ಸರ್ಕಾರ ಪ್ರಕರಣದಲ್ಲಿ ನೊಂದವಳು ಎಂಟು ವರ್ಷದ ಮಗು. ಅಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು, ಆಕೆಯ ಮಾತನ್ನು ಬೆಂಬಲಿಸುವ ಪೂರಕ ಸಾಕ್ಷ್ಯ ಬೇಕೆಂಬುದು ಕಾನೂನಲ್ಲ, ನ್ಯಾಯಾಧೀಶರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾದ ಎಚ್ಚರ ಮಾತ್ರ ಎಂದು ವಿವರಿಸಿದರು. 1983ರ ಭರ್ವಾಡಾ ಭೋಗಿನ್‌ಭಾಯಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ಪೂರಕ ಸಾಕ್ಷ್ಯವಿಲ್ಲವೆಂಬ ಒಂದೇ ಕಾರಣಕ್ಕೆ ಸಂತ್ರಸ್ತೆಯ ಮಾತನ್ನು ತಳ್ಳಿಹಾಕುವುದು ನೊಂದವಳನ್ನು ಮತ್ತೆ ಅವಮಾನಿಸಿದಂತೆ ಎಂದಿತು. 1990ರಲ್ಲಿ ಅದೇ ನ್ಯಾಯಾಲಯ, ಸಂತ್ರಸ್ತೆ ಅಪರಾಧದ ಸಹಭಾಗಿಯಲ್ಲ, ಗಾಯಗೊಂಡ ಸಾಕ್ಷಿಗೆ ಸಮಾನಳು ಎಂದು ಸ್ಪಷ್ಟಪಡಿಸಿತು.

ಇಷ್ಟೆಲ್ಲ ಇದ್ದೂ ಹಳೆಯ ಬೇಡಿಕೆ ಹಿಂಬಾಗಿಲಿನಿಂದ ನ್ಯಾಯಾಲಯದೊಳಗೆ ಬರುತ್ತಲೇ ಇದೆ. ಈಗ ಅದು ಪೂರಕ ಸಾಕ್ಷ್ಯದ ಹೆಸರಿನಲ್ಲಿ ಬರುವುದಿಲ್ಲ, ನಡವಳಿಕೆಯ ಹೆಸರಿನಲ್ಲಿ ಬರುತ್ತದೆ. ಏಕೆ ಕೂಗಲಿಲ್ಲ? ಮೈಮೇಲೆ ಗಾಯವೇಕಿಲ್ಲ? ಅಂದೇ ಏಕೆ ದೂರು ಕೊಡಲಿಲ್ಲ?

ಪಂಜಾಬಿನ ಗುರ್ಮೀತ್ ಸಿಂಗ್ ಪ್ರಕರಣವನ್ನು ನೀವೆಲ್ಲ ಓದಿದ್ದೀರಿ. ಅದರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದನ್ನಷ್ಟೇ ಉಲ್ಲೇಖಿಸುತ್ತೇವೆ. ವಿಚಾರಣಾ ನ್ಯಾಯಾಲಯ ಏನು ಹೇಳಿತ್ತು ಎಂಬುದನ್ನೂ ಒಮ್ಮೆ ಓದಿ. ಪರೀಕ್ಷೆ ಬರೆದು ಹೊರಟಿದ್ದ ಹದಿನಾರು ತುಂಬದ ಹುಡುಗಿಯನ್ನು ಕಾರಿನಲ್ಲಿ ಎಳೆದೊಯ್ದಿದ್ದರು. ಫಿಯೆಟ್ ಯಾವುದು, ಅಂಬಾಸಿಡರ್ ಯಾವುದು ಎಂದು ಆಕೆಗೆ ಹೇಳಲಾಗಲಿಲ್ಲ. ಕಾರು ಯಾವ ಕಂಪನಿಯದೆಂದು ಗೊತ್ತಿಲ್ಲದ್ದರಿಂದ ಆಕೆಯ ಕಥನವೇ ಅನುಮಾನಾಸ್ಪದವೆಂದು ಅಲ್ಲಿ ಬರೆಯಲಾಗಿತ್ತು! ಹಳ್ಳಿಯ ಹುಡುಗಿಗೆ ಕಾರಿನ ಮಾದರಿ ತಿಳಿಯದಿದ್ದರೆ ಆರೋಪಿಗಳಿಗೆ ಖುಲಾಸೆ. ಆ ತೀರ್ಪು 1996ರಲ್ಲಿ ರದ್ದಾಯಿತು. ಅಷ್ಟರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆ ಸುಳ್ಳುಗಾತಿ ಎನಿಸಿಕೊಂಡೇ ಬದುಕಿದ್ದಳು.

ಇದು ಅಂದಿನ ಮಾತು, ಪಂಜಾಬಿನ ಮಾತು ಎನ್ನುವಂತಿಲ್ಲ. 2020ರ ಜೂನ್‌ನಲ್ಲಿ ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವೇ ಒಂದು ನಿರೀಕ್ಷಣಾ ಜಾಮೀನಿನ ಆದೇಶದಲ್ಲಿ, ಕೃತ್ಯದ ನಂತರ ದಣಿದು ನಿದ್ದೆ ಹೋದೆ ಎಂದ ಮಹಿಳೆಯ ಬಗ್ಗೆ, ಭಾರತೀಯ ನಾರಿಗೆ ಅದು ತಕ್ಕುದಲ್ಲ ಎಂಬರ್ಥದ ಸಾಲು ಬರೆಯಿತು. ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ತೆಗೆದುಹಾಕಲಾಯಿತು. ತೆಗೆದದ್ದು ಒಳ್ಳೆಯದಾಯಿತು. ಆದರೆ ಹೀಗೆ ಕಾಗದಕ್ಕೆ ಇಳಿಯದೆ ತೀರ್ಪಿನ ಮೇಲೆ ಪ್ರಭಾವ ಬೀರುವ ಇಂಥ ಭಾವನೆಗಳನ್ನು ತೆಗೆದುಹಾಕುವವರು ಯಾರು?

ಪಾಟೀ ಸವಾಲು ದಾಖಲಾಗುವ ಬಗೆಯನ್ನೇ ನೋಡಿ. ಘಟನೆ ನಡೆದಾಗ ನೀನು ಕೂಗಿಕೊಳ್ಳಲಿಲ್ಲ ಅಲ್ಲವೇ ಎಂದು ವಕೀಲರು ಕೇಳುತ್ತಾರೆ. ಬಾಯಿಗೆ ಬಟ್ಟೆ ತುರುಕಿದ್ದ, ಹೇಗೆ ಕೂಗಲಿ ಸ್ವಾಮಿ ಎಂದು ಆಕೆ ಅಳುತ್ತಾಳೆ. ಬೆರಳಚ್ಚಾಗುವುದು ಹೀಗೆ: ‘ನಾನು ಕೂಗಿಕೊಳ್ಳಲಿಲ್ಲ ಎಂದರೆ ಸರಿ.’ ಅಳು ಹೋಯಿತು, ಬಟ್ಟೆಯೂ ಹೋಯಿತು. ಮೇಲ್ಮನವಿಯಲ್ಲಿ ನ್ಯಾಯಮೂರ್ತಿಗಳ ಮುಂದೆ ಇರುವುದು ಆ ಒಂದು ಸಾಲು. ಮುಖ್ಯವಾದ ಕಡೆ ಪ್ರಶ್ನೋತ್ತರ ರೂಪದಲ್ಲೇ ಬರೆದುಕೊಳ್ಳಲು ನ್ಯಾಯಾಧೀಶರಿಗೆ ಅಧಿಕಾರವಿದೆ. ಹಾಗೆ ಬರೆಯಿರಿ ಎಂದು ಎದ್ದುನಿಂತು ಕೇಳಬೇಕಾದವರು ನಾವು. ಎಷ್ಟು ಜನ ಕೇಳುತ್ತೇವೆ?

ಈಗ ಎರಡನೆಯ ಪ್ರಶ್ನೆ: ಪೂರಕ ಸಾಕ್ಷ್ಯ ಬೇಕಾದರೆ ಅದನ್ನು ತಂದುಕೊಡಬೇಕಾದವರು ಯಾರು? ಇದರ ಬಗ್ಗೆ ನನಗೆ ಹೆಚ್ಚು ಸಿಟ್ಟಿದೆ. ಸಂತ್ರಸ್ತೆಯ ಮಾತೊಂದೇ ಸಾಕು ಎಂಬ ನಿಯಮವನ್ನು ಕೆಲವು ತನಿಖಾಧಿಕಾರಿಗಳು ತಮ್ಮ ಕೆಲಸಕ್ಕೆ ಸಿಕ್ಕ ರಜೆ ಎಂದುಕೊಂಡಿದ್ದಾರೆ. ಉದಾಹರಣೆಗೆ, ಜಪ್ತಿ ಮಾಡಿದ ಒದ್ದೆ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿದು ಪ್ರಯೋಗಾಲಯಕ್ಕೆ ನಿರುಪಯೋಗಿಯಾಗುತ್ತದೆ. ಆ ಬೂಷ್ಟಿನ ಬೆಲೆ ತೆರುವವಳು ಸಂತ್ರಸ್ತೆ. 2011ರ ಕೃಷ್ಣ ಕುಮಾರ್ ಮಲಿಕ್ ಪ್ರಕರಣದಲ್ಲಿ ಆರೋಪಿ ಬಿಡುಗಡೆಯಾದದ್ದಕ್ಕೆ, ಇತರ ಕಾರಣಗಳ ಜೊತೆಗೆ, ಪೊಲೀಸರು ಸೂಕ್ತ ವೈಜ್ಞಾನಿಕ ಪರೀಕ್ಷೆ ಮಾಡಿಸದ್ದೂ ಒಂದು ಕಾರಣ.

ನಮ್ಮ ರಾಜ್ಯದ ಪ್ರಕರಣಗಳೇ ಇಲ್ಲಿ ದಾರಿ ತೋರಿಸಿವೆ. ಪೊಲೀಸರ ಪತ್ರವಿಲ್ಲದೆ ಪರೀಕ್ಷಿಸುವುದಿಲ್ಲ ಎಂಬ ವೈದ್ಯರ ನಿರಾಕರಣೆಯನ್ನು 2000ದ ಮಂಜಣ್ಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಖಂಡಿಸಿತು. ತುಮಕೂರು ಜಿಲ್ಲೆಯ ನೊಣವಿನಕೆರೆ ಪೊಲೀಸ್ ಠಾಣೆಯ ಶಿವಣ್ಣ ಪ್ರಕರಣದಲ್ಲಿ, 2014ರಲ್ಲಿ, ಸಂತ್ರಸ್ತೆಯ ಹೇಳಿಕೆಯನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಿಸಬೇಕು, ತಡವಾದರೆ ಕಾರಣ ಬರೆಯಬೇಕು ಎಂದು ನಿರ್ದೇಶಿಸಿತು. ಸಂತ್ರಸ್ತೆಗೆ ಚಿಕಿತ್ಸೆ ನಿರಾಕರಿಸುವುದು ಇಂದು ಅಪರಾಧ. ವೈದ್ಯ ಮಿತ್ರರಲ್ಲಿ ಒಂದು ವಿನಂತಿ. ಎರಡು ಬೆರಳಿನ ಪರೀಕ್ಷೆ ಮಾಡುವುದು ದುರ್ನಡತೆ ಎಂದು 2022ರ ಅಕ್ಟೋಬರ್ 31ರಂದು ಸರ್ವೋಚ್ಚ ನ್ಯಾಯಾಲಯದಲ್ಲಿ ತೀರ್ಪಾಗಿದೆ. ಅದರ ಕುರುಹು ನಿಮ್ಮ ವರದಿಯ ನಮೂನೆಯಲ್ಲಿ ಉಳಿದಿದ್ದರೆ ದಯವಿಟ್ಟು ಹೊಡೆದುಹಾಕಿ. ಗಾಯವಿಲ್ಲ ಎಂದಷ್ಟೇ ಬರೆದು ನಿಲ್ಲಿಸಬೇಡಿ. ಗಾಯವಿಲ್ಲದಿದ್ದರೂ ಅತ್ಯಾಚಾರ ನಡೆದಿರಬಹುದು ಎಂಬ ವೈದ್ಯಕೀಯ ಸತ್ಯವನ್ನೂ ಬರೆಯಿರಿ.

ಆರೋಪಿಯ ಪರ ವಾದಿಸುವವರೂ ಇಲ್ಲಿದ್ದೀರಿ. ನಿಮ್ಮ ಕೆಲಸಕ್ಕೆ ನನ್ನ ಗೌರವವಿದೆ, ನಾನೂ ಮಾಡಿದ್ದೇನೆ. ಸಂತ್ರಸ್ತೆಯ ಪ್ರತಿ ಮಾತೂ ಪ್ರಶ್ನಾತೀತವಲ್ಲ ಎಂದು 2008ರ ರಾಜು ಪ್ರಕರಣ ಹೇಳಿದೆ. ಒಬ್ಬಳೇ ಸಾಕ್ಷಿಯ ಮೇಲೆ ಶಿಕ್ಷೆ ನಿಲ್ಲಬೇಕಾದರೆ ಆಕೆಯ ಕಥನ ಮೊದಲಿಂದ ಕೊನೆಯವರೆಗೆ ಒಂದೇ ನೇರದಲ್ಲಿರಬೇಕು ಎಂದು 2012ರ ರಾಯ್ ಸಂದೀಪ್ ಪ್ರಕರಣ ಹೇಳಿದೆ. ನಿರಪರಾಧಿ ಜೈಲಿಗೆ ಹೋಗಬಾರದು. ಹೇಳಿಕೆಗಳ ನಡುವಿನ ನಿಜವಾದ ವಿರೋಧಾಭಾಸ ಹಿಡಿದು ಕೇಳಿ. ಆಕೆಯ ಹಿಂದಿನ ಲೈಂಗಿಕ ಬದುಕನ್ನು ಕೆದಕಬೇಡಿ. ಸಮ್ಮತಿಯ ಪ್ರಶ್ನೆಯಲ್ಲಿ ಕಾನೂನು ಅದಕ್ಕೆ ಅವಕಾಶವನ್ನೂ ಕೊಡುವುದಿಲ್ಲ. ಮೈಯಿಂದ ಪ್ರತಿರೋಧ ಒಡ್ಡಲಿಲ್ಲ ಎಂಬುದೊಂದರಿಂದಲೇ ಸಮ್ಮತಿಯೆಂದು ಭಾವಿಸಬಾರದು ಎಂಬ ವಿವರಣೆ 2013ರಿಂದ ಶಾಸನದಲ್ಲೇ ಇದೆ.

ಮಧ್ಯಾಹ್ನದ ಗೋಷ್ಠಿಗೆ ಎರಡು ಅರ್ಜಿಗಳ ಕರಡು ಸಿದ್ಧಪಡಿಸೋಣ. ಮುಖ್ಯ ಭಾಗದ ಪಾಟೀ ಸವಾಲನ್ನು ಪ್ರಶ್ನೋತ್ತರ ರೂಪದಲ್ಲಿ ದಾಖಲಿಸಲು ಕೋರುವುದು ಒಂದು. ವಸ್ತುಗಳನ್ನು ಜಪ್ತಿ ಮಾಡಿದ ದಿನದಿಂದ ಪ್ರಯೋಗಾಲಯ ತಲುಪಿದ ದಿನದವರೆಗೆ ಅವು ಯಾರ ವಶದಲ್ಲಿದ್ದವೆಂಬ ಲೆಕ್ಕವನ್ನು ತನಿಖಾಧಿಕಾರಿಯಿಂದ ತರಿಸಲು ಕೋರುವುದು ಇನ್ನೊಂದು. ನಾಳೆ ನಿಮ್ಮ ನಿಮ್ಮ ನ್ಯಾಯಾಲಯಗಳಿಗೆ ಮರಳುವಾಗ ಇವೆರಡೂ ನಿಮ್ಮ ಕೈಯಲ್ಲಿರಬೇಕು ಎಂಬುದು ಅಧ್ಯಕ್ಷಳಾಗಿ ನನ್ನ ಕೋರಿಕೆ.