ಮನೆಯಲ್ಲಿ ಯಾರಿಗೂ ಹೇಳಬೇಡಿ

ಸೈಬರ್ ಸುರಕ್ಷತೆ ಬಗ್ಗೆ ಮಾತಾಡಿ ಅಂತ ಅಧ್ಯಕ್ಷೆಯವರು ಕೇಳಿದಾಗ, ನಾನೇನು ಕಂಪ್ಯೂಟರ್ ಓದಿದವಳೇ ಅಂದೆ. ಆದರೆ ನನಗೇ ಒಂದು ಫೋನ್ ಬಂದಿತ್ತು. ಅದನ್ನೇ ಹೇಳುತ್ತೇನೆ.

ಅಮೆರಿಕದ ಮಗಳಿಗೆ ಚಟ್ನಿಪುಡಿ, ಹುಳಿಪುಡಿ, ಮೊಮ್ಮಗಳಿಗೊಂದು ರೇಷ್ಮೆ ಲಂಗ ಪಾರ್ಸೆಲ್ ಮಾಡಿ ನಾಲ್ಕು ದಿನವಾಗಿತ್ತು. "ನಿಮ್ಮ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ಮುಂಬೈ ಪೊಲೀಸರ ಜೊತೆ ಮಾತಾಡಿ" ಅಂದರು, ಹಿಂದಿಯಲ್ಲಿ. ಮದ್ರಾಸಿಗೆ ಬಂದು ಮೂವತ್ತು ವರ್ಷ. ನನ್ನ ಹಿಂದಿ ಹಳೆಯ ದೂರದರ್ಶನ ಧಾರಾವಾಹಿಗಳಷ್ಟೇ. ವಿಡಿಯೋ ಕಾಲ್‌ನಲ್ಲಿ ಖಾಕಿ ತೊಟ್ಟವನೊಬ್ಬ ಬಂದ. ನನ್ನ ಆಧಾರ್ ನಂಬರನ್ನು ಅವನೇ ಓದಿದ. ಕೈಕಾಲು ತಣ್ಣಗಾಯಿತು. ಪಾರ್ಸೆಲ್ ಕಳಿಸಿದ್ದು ನಿಜ ತಾನೇ!

ಅವನು ಮೊದಲು ಹಣ ಕೇಳಲಿಲ್ಲ. "ಮನೆಯಲ್ಲಿ ಯಾರಿಗೂ ಹೇಳಬೇಡಿ, ಹೇಳಿದರೆ ಅವರನ್ನೂ ಕೇಸಿಗೆ ಸೇರಿಸುತ್ತೇವೆ" ಅಂದ. ಅಷ್ಟರಲ್ಲಿ ನಮ್ಮ ಯಜಮಾನರು ಬಾಗಿಲಲ್ಲಿ ನಿಂತು "ಕಾಫಿ ಆಯ್ತಾ?" ಅಂದರು. (ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆ ಕೇಳಿ ಖುಷಿಯಾಯಿತು.) ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಕನ್ನಡದಲ್ಲಿ ಹೇಳುತ್ತಾ ಹೋದಂತೆ ಅದೆಂಥ ಕಟ್ಟುಕಥೆ ಅಂತ ನನಗೇ ಗೊತ್ತಾಯಿತು. ಆ ಕಡೆಯವನು ಫೋನ್ ಇಟ್ಟ.

ಬೆಂಗಳೂರಿನ 57 ವರ್ಷದ ಮಹಿಳೆಯೊಬ್ಬರ ಸುದ್ದಿ 2025ರ ನವೆಂಬರಿನಲ್ಲಿ ನೀವೂ ಓದಿರಬಹುದು. ಅಲ್ಲೂ ಪಾರ್ಸೆಲ್ ಕಥೆಯೇ. ತಿಂಗಳುಗಟ್ಟಲೆ ಹೆದರಿಕೊಂಡು, 187 ಸಲ ಹಣ ವರ್ಗಾಯಿಸಿ, ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡರು. ಅವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ.

'ಡಿಜಿಟಲ್ ಅರೆಸ್ಟ್' ಎಂಬುದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. ಇನ್ನು ಆಧಾರ್ ನಂಬರ್. ಎಷ್ಟು ಹೋಟೆಲು, ಎಷ್ಟು ಸಿಮ್ ಅಂಗಡಿಗಳಲ್ಲಿ ಜೆರಾಕ್ಸ್ ಕೊಟ್ಟಿದ್ದೇವೆ ಲೆಕ್ಕ ಹಾಕಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ, ಡೌನ್‌ಲೋಡ್ ಮಾಡಿಕೊಳ್ಳಿ.

ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಕದ್ದ ಹಣ ಬೇಗ ಬೇಗ ಖಾತೆಯಿಂದ ಖಾತೆಗೆ ಹೋಗುತ್ತದೆ. ಅದಕ್ಕೆ ಮುಂಚೆ ದೂರು ತಲುಪಿದರೆ ಬ್ಯಾಂಕುಗಳು ತಡೆಹಿಡಿಯಬಹುದು. ನಾವೋ, ಮಕ್ಕಳು ಬೈತಾರೆ ಅಂತ ಎರಡು ದಿನ ಮುಚ್ಚಿಡುತ್ತೇವೆ.

ನಮ್ಮ ವೇದಿಕೆಯಲ್ಲಿ ಒಂಟಿಯಾಗಿರುವವರು ಏಳೆಂಟು ಜನ. ಕಾಫಿ ಕೇಳಲು ಅವರ ಮನೆಯಲ್ಲಿ ಯಾರೂ ಇಲ್ಲ. ಮಾಂಬಲದಲ್ಲಿರುವ ಒಬ್ಬರಿಗೆ ನಾನು ದಿನಾ ಹನ್ನೊಂದಕ್ಕೆ ಫೋನ್ ಮಾಡುತ್ತೇನೆ. ಉಳಿದವರ ಪಟ್ಟಿ ಬಾಗಿಲ ಬಳಿಯ ಮೇಜಿನ ಮೇಲಿದೆ. ಊಟಕ್ಕೆ ಹೋಗುವ ಮುಂಚೆ ಒಬ್ಬೊಬ್ಬರು ಒಂದೊಂದು ಹೆಸರು ಬರೆದುಕೊಳ್ಳಿ.