ನೆರಳು ಬಿದ್ದಲ್ಲೇ ವೀಕ್ಷಣಾಲಯ
(ದತ್ತಿ ಉಪನ್ಯಾಸ)



ವಿಜ್ಞಾನವನ್ನು ಕನ್ನಡದಲ್ಲಿ ಕೇಳಿ ಕನ್ನಡದಲ್ಲೇ ಚರ್ಚಿಸುವ ಅವಕಾಶ ವರ್ಷಕ್ಕೊಮ್ಮೆಯಾದರೂ ಸಿಗಲಿ ಎಂಬ ಆಸೆಯಿಂದ ಹುಟ್ಟಿದ ದತ್ತಿ ಇದು. ಆ ಆಸೆಗೆ ತಕ್ಕದ್ದೆಂದು ನಾನು ಆರಿಸಿಕೊಂಡ ವಿಷಯ, ಗ್ರಹಗಳ ಉಪಗ್ರಹಗಳು ದೂರದ ನಕ್ಷತ್ರಗಳ ಮುಂದೆ ಹಾದುಹೋಗುವ ಹೊತ್ತಿನ ವೀಕ್ಷಣೆ. ಖಗೋಳಶಾಸ್ತ್ರವೆಂದರೆ ದೊಡ್ಡ ದೂರದರ್ಶಕ ಉಳ್ಳವರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ಕವಲಿನಲ್ಲಿ ಲೆಕ್ಕ ಬೇರೆ. ನೀವು ಯಾವ ಊರಿನಲ್ಲಿ ನಿಂತಿದ್ದೀರಿ, ನಿಮ್ಮ ಗಡಿಯಾರ ಎಷ್ಟು ಸರಿಯಾಗಿದೆ ಎಂಬುದಕ್ಕೆ ಇಲ್ಲಿ ದೂರದರ್ಶಕದ ಅಗಲಕ್ಕಿಂತ ಹೆಚ್ಚು ಬೆಲೆ. ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ಈ ವಿದ್ಯೆಯಲ್ಲಿ ಜಾಗವೇ ಅರ್ಧ ಉಪಕರಣ. ಆದ್ದರಿಂದ ಇದು ಹಲವರು ಸೇರಿ ಮಾಡಬೇಕಾದ ಕೆಲಸ, ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳೂ ಕೈಹಾಕಬಹುದಾದ ಕೆಲಸ.

1. ನೆರಳಿನ ಅಳತೆ

ಚಂದ್ರ ರೋಹಿಣಿಯನ್ನು ಮರೆಮಾಡುವುದನ್ನು ನಿಮ್ಮಲ್ಲಿ ಕೆಲವರು ನೋಡಿರುತ್ತೀರಿ. ಚಂದ್ರನ ಕಪ್ಪು ಅಂಚು ತಾಗಿದೊಡನೆ ನಕ್ಷತ್ರ ಥಟ್ಟನೆ ಇಲ್ಲವಾಗುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಆಚೆ ಬದಿಯಲ್ಲಿ ಅಷ್ಟೇ ಥಟ್ಟನೆ ಮೂಡುತ್ತದೆ. ಇದನ್ನು ಆಚ್ಛಾದನೆ ಎನ್ನುತ್ತೇವೆ. ಗುರು, ಶನಿ, ಯುರೇನಸ್, ನೆಪ್ಚೂನ್‌ಗಳ ಉಪಗ್ರಹಗಳೂ ನಕ್ಷತ್ರಗಳನ್ನು ಹೀಗೆಯೇ ಮರೆಮಾಡುತ್ತವೆ. ಆದರೆ ಅವು ನಮಗೆ ಚುಕ್ಕೆಗಳಾಗಿ ಕಾಣುವಷ್ಟು ದೂರದಲ್ಲಿರುವುದರಿಂದ ಇಂಥ ಘಟನೆ ಅಪರೂಪ.

ನಕ್ಷತ್ರ ಅಪಾರ ದೂರದಲ್ಲಿರುವುದರಿಂದ ಅದರ ಕಿರಣಗಳು ನಮ್ಮನ್ನು ತಲುಪುವ ಹೊತ್ತಿಗೆ ಸಮಾಂತರವಾಗಿರುತ್ತವೆ. ಹಾಗಾಗಿ ಉಪಗ್ರಹದ ನೆರಳು ಹಿಗ್ಗದೆ ಕುಗ್ಗದೆ ಉಪಗ್ರಹದಷ್ಟೇ ಅಗಲವಾಗಿ ಭೂಮಿಯ ಮೇಲೆ ಬೀಳುತ್ತದೆ. ಗ್ಯಾನಿಮೀಡ್‌ನ ನೆರಳಿನ ಅಗಲ 5,268 ಕಿ.ಮೀ. ಪ್ಲೂಟೊದ ಸಂಗಾತಿ ಶಾರನ್‌ನದು ಸುಮಾರು 1,212 ಕಿ.ಮೀ. ಶನಿಯ ಪುಟ್ಟ ಉಪಗ್ರಹ ಫೀಬಿಯದು 213 ಕಿ.ಮೀ. ಮಾತ್ರ. ಈ ನೆರಳು ಸೆಕೆಂಡಿಗೆ ಸುಮಾರು 20 ಕಿ.ಮೀ. ವೇಗದಲ್ಲಿ ನೆಲ, ಕಡಲುಗಳನ್ನು ದಾಟಿ ಸಾಗುತ್ತದೆ. ಅದರ ದಾರಿಯಲ್ಲಿ ನಿಂತವರಿಗೆ ನಕ್ಷತ್ರ ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಕಾಣಿಸುವುದಿಲ್ಲ.

ಈ ಕಾಣದ ಹೊತ್ತನ್ನು ನೆರಳಿನ ವೇಗದಿಂದ ಗುಣಿಸಿದರೆ ಉಪಗ್ರಹದ ವೃತ್ತಕ್ಕೆ ಎಳೆದ ಒಂದು ಜ್ಯಾದ ಉದ್ದ ಸಿಗುತ್ತದೆ. ಸೆಕೆಂಡಿಗೆ 25 ಚಿತ್ರ ತೆಗೆಯುವ ಸಾಧಾರಣ ವಿಡಿಯೋ ಕ್ಯಾಮೆರಾವನ್ನೇ ತೆಗೆದುಕೊಳ್ಳಿ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ನೆರಳು ಸರಿಯುವುದು 800 ಮೀಟರ್. ಅಂದರೆ ನೂರಾರು ಕೋಟಿ ಕಿಲೋಮೀಟರ್ ಆಚೆಗಿರುವ ಕಾಯವೊಂದರ ಅಂಚನ್ನು ಮನೆಯ ತಾರಸಿಯಿಂದ ಒಂದು ಕಿಲೋಮೀಟರಿಗಿಂತ ಕಡಿಮೆ ತಪ್ಪಿನೊಳಗೆ ಗುರುತಿಸಬಹುದು. ನೆಲದ ಮೇಲಿನ ಯಾವ ದೊಡ್ಡ ದೂರದರ್ಶಕದ ಛಾಯಾಚಿತ್ರವೂ ಈ ಸೂಕ್ಷ್ಮತೆಯ ಹತ್ತಿರ ಬರುವುದಿಲ್ಲ.

ಆದರೆ ಒಂದು ಜ್ಯಾ ಸಾಲದು. ದುಂಡನೆಯ ಕೆರೆಯೊಂದನ್ನು ಒಬ್ಬನೇ ಒಮ್ಮೆ ನೇರ ಈಜಿ ದಾಟಿದರೆ ಅವನು ನಡುವೆ ಹಾಯ್ದನೋ ಅಂಚಿನಲ್ಲಿ ಹಾಯ್ದನೋ ತಿಳಿಯುವುದಿಲ್ಲ. ಕೆರೆಯ ಅಗಲ ತಿಳಿಯಲು ಬೇರೆ ಬೇರೆ ಕಡೆಯಿಂದ ಹಲವರು ಹಾಯಬೇಕು. ಇಲ್ಲಿಯೂ ನೆರಳಿನ ದಾರಿಗೆ ಅಡ್ಡಲಾಗಿ ಹಲವು ಊರುಗಳಲ್ಲಿ ವೀಕ್ಷಕರು ಬೇಕು. ನೆರಳಿನ ಅಂಚಿನಾಚೆ ನಿಂತು "ನಮ್ಮಲ್ಲಿ ನಕ್ಷತ್ರ ಮರೆಯಾಗಲಿಲ್ಲ" ಎಂದು ಬರೆದವರ ವರದಿಗೂ ಬೆಲೆ ಇದೆ. ಉಪಗ್ರಹ ಅಲ್ಲಿಯವರೆಗೆ ಚಾಚಿಲ್ಲ ಎಂಬುದನ್ನು ಹೇಳುವವರು ಅವರೇ.

ನಕ್ಷತ್ರದ ಬೆಳಕು ಕಾಲದೊಂದಿಗೆ ಬದಲಾಗುವುದನ್ನು ತೋರಿಸುವ ಬೆಳಕಿನ ರೇಖೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಉಪಗ್ರಹದ ಮೇಲೆ ಗಾಳಿ ಇಲ್ಲದಿದ್ದರೆ ರೇಖೆ ಗೋಡೆಯಂತೆ ನೇರ ಕೆಳಗಿಳಿಯುತ್ತದೆ. ವಾತಾವರಣವಿದ್ದರೆ ಅದು ನಕ್ಷತ್ರದ ಬೆಳಕನ್ನು ಬಾಗಿಸಿ ಹರಡುವುದರಿಂದ ರೇಖೆ ಇಳಿಜಾರಾಗುತ್ತದೆ. ಆ ಇಳಿಜಾರಿನ ಆಕಾರದಲ್ಲಿ ಗಾಳಿಯ ಒತ್ತಡ, ಉಷ್ಣತೆ ಅಡಗಿರುತ್ತವೆ.

2. ಕಾವಲೂರು, 1972

1971ರ ಮೇ 13 ಮತ್ತು 14ರಂದು ವೃಶ್ಚಿಕದ ಬೀಟಾ ನಕ್ಷತ್ರದ ಮುಂದೆ, ನಮ್ಮ ಅನುರಾಧಾ ಗುಂಪಿನ ಆ ತಾರೆಯ ಮುಂದೆ, ಗುರುವೂ ಅವನ ಉಪಗ್ರಹ ಅಯೋವೂ ಹಾದುಹೋದವು. ಬೀಟಾ ಒಂದೇ ತಾರೆಯಲ್ಲ, ಹಲವು ತಾರೆಗಳ ಕೂಟ. ಆ ಕೂಟದ ಸಿ ತಾರೆಯನ್ನು ಅಯೋ ಮರೆಮಾಡಿದಾಗ ಅದರ ತ್ರಿಜ್ಯ ಸುಮಾರು 1,830 ಕಿ.ಮೀ. ಎಂದು ಗೊತ್ತಾಯಿತು. ಮುಂದೆ ಬಾಹ್ಯಾಕಾಶ ನೌಕೆಗಳು ಅಳೆದ ಬೆಲೆ 1,821 ಕಿ.ಮೀ. ಗುರುವಿನ ಬಳಿಗೆ ಯಾವ ನೌಕೆಯೂ ಹೋಗಿರದ ಕಾಲದ ಅಳತೆ ಅದು ಎಂಬುದನ್ನು ನೆನಪಿಡಿ.

ಮರುವರ್ಷ, 1972ರ ಜೂನ್ 7ರಂದು, ಗ್ಯಾನಿಮೀಡ್‌ನ ಸರದಿ. ಎಸ್‌ಎಒ 186800 ಎಂಬ, ಬರಿಗಣ್ಣಿಗೆ ಕಾಣದ ನಕ್ಷತ್ರವನ್ನು ಅದು ಮರೆಮಾಡಲಿತ್ತು. ಇದನ್ನು ದಾಖಲಿಸಿದ ಜಾಗಗಳಲ್ಲಿ ಒಂದು ಇಂಡೊನೇಷ್ಯದ ಜಾವಾ ದ್ವೀಪದ ಲೆಂಬಾಂಗ್, ಇನ್ನೊಂದು ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರು. ಕಾವಲೂರು ವೀಕ್ಷಣಾಲಯ ಇಂದು ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಇರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನದು. ಅದನ್ನು ಕಟ್ಟಿ ಬೆಳೆಸಿದವರು ಎಂ. ಕೆ. ವೈನು ಬಾಪ್ಪು. ಜರ್ಮನಿಯ ಕಾರ್ಲ್ ಜೈಸ್ ಕಂಪನಿಯ ಒಂದು ಮೀಟರ್ ದೂರದರ್ಶಕ ಅಲ್ಲಿ ನೆಲೆಯಾದದ್ದು ಅದೇ 1972ರಲ್ಲಿ. ಹೊಸ ದೂರದರ್ಶಕದ ಮೊದಮೊದಲ ಕೆಲಸಗಳಲ್ಲಿ ಈ ಆಚ್ಛಾದನೆಯೂ ಒಂದು.

ಕೆಲಸ ಸುಲಭದ್ದಾಗಿರಲಿಲ್ಲ. ಗ್ಯಾನಿಮೀಡ್ ಆ ನಕ್ಷತ್ರಕ್ಕಿಂತ ಬಹಳ ಪ್ರಕಾಶಮಾನ. ಎರಡೂ ಒಂದೇ ಚುಕ್ಕೆಯಾಗಿ ಕೂಡಿಕೊಂಡಾಗ ನಕ್ಷತ್ರದ್ದು ಒಟ್ಟು ಬೆಳಕಿನಲ್ಲಿ ಸಣ್ಣ ಪಾಲು. ಆ ಸಣ್ಣ ಪಾಲು ಯಾವಾಗ ಹೋಯಿತು, ಯಾವಾಗ ಬಂತು, ಥಟ್ಟನೆ ಹೋಯಿತೋ ಜಾರಿ ಹೋಯಿತೋ ಎಂಬುದನ್ನು ಓದಬೇಕು. ಫಲಿತಾಂಶ 1973ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಲೇಖಕರಲ್ಲಿ ಕಾವಲೂರಿನ ಜೆ. ಸಿ. ಭಟ್ಟಾಚಾರ್ಯ, ಇಂಡೊನೇಷ್ಯದ ಬಂಬಾಂಗ್ ಹಿದಾಯತ್, ಇಂಥ ಆಚ್ಛಾದನೆಗಳನ್ನು ಮೊದಲೇ ಲೆಕ್ಕಹಾಕಿ ತಿಳಿಸುತ್ತಿದ್ದ ಬ್ರಿಟನ್ನಿನ ಗಾರ್ಡನ್ ಟೇಲರ್ ಇದ್ದರು. ಅವರು ಹೇಳಿದ್ದು ಎರಡು ಮಾತು. ಗ್ಯಾನಿಮೀಡ್‌ನ ತ್ರಿಜ್ಯ ಸುಮಾರು 2,635 ಕಿ.ಮೀ. ನಕ್ಷತ್ರ ಥಟ್ಟನೆ ಮರೆಯಾಗದ ಕಾರಣ ಅಲ್ಲಿ ತೆಳುವಾದ ವಾತಾವರಣವಿದೆ, ಅದರ ಒತ್ತಡ ಒಂದು ಮೈಕ್ರೋಬಾರಿಗೂ ಮಿಗಿಲು.

1979ರ ಮಾರ್ಚ್‌ನಲ್ಲಿ ವಾಯೇಜರ್ 1 ನೌಕೆ ಗುರುವಿನ ಬಳಿ ಹಾಯುವಾಗ ಇದೇ ವಿಧಾನವನ್ನು ಹತ್ತಿರದಿಂದ ಬಳಸಿತು. ಕಿನ್ನರ ನಕ್ಷತ್ರಪುಂಜದ ಕಪ್ಪಾ ತಾರೆ ಗ್ಯಾನಿಮೀಡ್‌ನ ಹಿಂದೆ ಸರಿಯುವುದನ್ನು ಅದರ ಅತಿನೇರಳೆ ಉಪಕರಣ ನೋಡಿತು. ಅಲ್ಲಿ ಗಾಳಿ ಏನಾದರೂ ಇದ್ದರೆ ಅದು 1973ರಲ್ಲಿ ಹೇಳಿದ್ದರ ಲಕ್ಷದಲ್ಲೊಂದು ಪಾಲನ್ನು ಮೀರದು ಎಂಬುದು ಅದರ ತೀರ್ಪು. 1990ರ ದಶಕದಲ್ಲಿ ಹಬಲ್ ದೂರದರ್ಶಕ ಗ್ಯಾನಿಮೀಡ್‌ನ ಸುತ್ತ ಆಮ್ಲಜನಕದ ಕುರುಹು ಕಂಡಿತು. ಅದು ಅತ್ಯಂತ ವಿರಳವಾದ ಪೊರೆ.

ಈ ಕಥೆಯನ್ನು ಸೋಲಿನ ಕಥೆಯೆಂದು ಓದುವವರು ಇದರ ಮುಖ್ಯ ಪಾಠವನ್ನೇ ಕಳೆದುಕೊಳ್ಳುತ್ತಾರೆ. ಇಂದು ಒಪ್ಪಿರುವ ಗ್ಯಾನಿಮೀಡ್‌ನ ತ್ರಿಜ್ಯ 2,634 ಕಿ.ಮೀ. ಕಾವಲೂರು, ಲೆಂಬಾಂಗ್‌ಗಳ ಬೆಲೆಗೂ ಇದಕ್ಕೂ ಒಂದೇ ಕಿಲೋಮೀಟರಿನ ಅಂತರ. ಕಾಲವನ್ನು ಅಳೆದು ಪಡೆದದ್ದು ಉಳಿಯಿತು, ಇಳಿಜಾರನ್ನು ಓದಿ ಊಹಿಸಿದ್ದು ಬಿತ್ತು. ಇಳಿಜಾರನ್ನು ನಂಬಬೇಕಾದರೆ ಅದು ಹಲವು ಊರುಗಳ ದಾಖಲೆಯಲ್ಲಿ ಒಂದೇ ಬಗೆಯಾಗಿ ಕಾಣಬೇಕು.

ಇದೇ ಮಾತನ್ನು ಕಾವಲೂರು ಐದು ವರ್ಷಗಳ ಮೇಲೆ ಇನ್ನೊಂದು ಬಗೆಯಲ್ಲಿ ತೋರಿಸಿತು. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಲಿದ್ದಾಗ ಅದೇ ಒಂದು ಮೀಟರ್ ದೂರದರ್ಶಕದಲ್ಲಿ ನಕ್ಷತ್ರದ ಬೆಳಕು ಅನಿರೀಕ್ಷಿತವಾಗಿ ಕುಸಿಯಿತು. ಭಟ್ಟಾಚಾರ್ಯ ಮತ್ತು ಕುಪ್ಪುಸ್ವಾಮಿ ಅದನ್ನು ಯುರೇನಸ್‌ನ ಹೊಸ ಉಪಗ್ರಹವೆಂದು 'ನೇಚರ್' ಪತ್ರಿಕೆಗೆ ಬರೆದರು. ಒಂದೇ ಊರಿನ ದಾಖಲೆಯನ್ನು ಮುಂದಿಟ್ಟುಕೊಂಡರೆ ಅದು ಸಹಜವಾದ ತೀರ್ಮಾನವೇ. ಹಿಂದೂ ಮಹಾಸಾಗರದ ಮೇಲೆ ವಿಮಾನದಲ್ಲಿದ್ದ ಜೇಮ್ಸ್ ಎಲಿಯಟ್ ತಂಡ ಗ್ರಹದ ಎರಡೂ ಬದಿಗಳಲ್ಲಿ ಇಂಥ ಕುಸಿತಗಳನ್ನು ಕಂಡಿತ್ತು. ಎಲ್ಲವನ್ನೂ ಜೋಡಿಸಿ ನೋಡಿದಾಗ ಕಂಡದ್ದು ಯುರೇನಸ್‌ನ ಉಂಗುರಗಳು.

3. ಹೆಚ್ಚು ಜನ, ಹೆಚ್ಚು ನಿಖರತೆ

ಒಂದೇ ಊರಿನ ವೀಕ್ಷಣೆ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಶಾರನ್ ಪತ್ತೆಯಾದದ್ದು 1978ರಲ್ಲಿ. 1980ರ ಏಪ್ರಿಲ್ 7ರಂದು ದಕ್ಷಿಣ ಆಫ್ರಿಕದ ಸದರ್‌ಲೆಂಡ್‌ನಲ್ಲಿ ವಾಕರ್ ಎಂಬ ಖಗೋಳಜ್ಞರಿಗೆ ಶಾರನ್‌ನ ಮರೆಯಲ್ಲಿ ನಕ್ಷತ್ರವೊಂದು ಸುಮಾರು 50 ಸೆಕೆಂಡು ಕಾಣಿಸಲಿಲ್ಲ. ಶಾರನ್‌ನ ತ್ರಿಜ್ಯ ಕನಿಷ್ಠ 600 ಕಿ.ಮೀ. ಇರಬೇಕೆಂದು ಅವರು ಲೆಕ್ಕ ಹಾಕಿದರು. 2005ರ ಜುಲೈ 11ರಂದು ದಕ್ಷಿಣ ಅಮೆರಿಕದ ಹಲವು ವೀಕ್ಷಣಾಲಯಗಳು ಸೇರಿ ಇನ್ನೊಂದು ಆಚ್ಛಾದನೆಯನ್ನು ಹಿಡಿದಾಗ ತ್ರಿಜ್ಯ ಸುಮಾರು 604 ಕಿ.ಮೀ. ಎಂದು ಖಚಿತವಾಯಿತು. ಅಲ್ಲಿ ಗಣನೀಯ ವಾತಾವರಣವಿಲ್ಲ ಎಂದೂ ತಿಳಿಯಿತು. 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಅಲ್ಲಿಗೇ ಹೋಗಿ ಅಳೆದದ್ದು 606 ಕಿ.ಮೀ.

ಹವ್ಯಾಸಿಗಳ ಪಾಲು ಎಷ್ಟೆಂದು ತೋರಿಸಿದ್ದು ಯುರೇನಸ್‌ನ ಅತಿ ದೊಡ್ಡ ಉಪಗ್ರಹ ಟೈಟಾನಿಯಾ. ಆಕಾಶದಲ್ಲಿ ಅದರ ಅಗಲ 0.11 ಆರ್ಕ್ ಸೆಕೆಂಡ್ ಮಾತ್ರ. 2001ರ ಸೆಪ್ಟೆಂಬರ್ 8ರಂದು ಅದು 7.2 ಕಾಂತಿಮಾನದ ನಕ್ಷತ್ರವನ್ನು ಮರೆಮಾಡಿತು. ನಕ್ಷತ್ರ ಸಣ್ಣ ದೂರದರ್ಶಕಕ್ಕೂ ಎಟುಕುವಂತಿದ್ದುದರಿಂದ ವೃತ್ತಿನಿರತರ ಜೊತೆಗೆ ಹವ್ಯಾಸಿಗಳೂ ಕೈಜೋಡಿಸಿದರು. ಮೂರು ಖಂಡಗಳಿಂದ 57 ಜ್ಯಾಗಳು ಸಿಕ್ಕವು. ಅವುಗಳಲ್ಲಿ ಉತ್ತಮವಾದ 27 ಜ್ಯಾಗಳನ್ನು ಆಯ್ದು ಕಂಡುಕೊಂಡ ತ್ರಿಜ್ಯ 788.4 ಕಿ.ಮೀ. ತಪ್ಪಿನ ಅಂದಾಜು 600 ಮೀಟರ್. ವಾಯೇಜರ್ 2 ಪಕ್ಕದಲ್ಲೇ ಹಾದು ತೆಗೆದ ಚಿತ್ರಗಳ ಅಳತೆಗಿಂತ ಇದು ನಿಖರ.

4. ಗಾಳಿಯುಳ್ಳ ಉಪಗ್ರಹಗಳು

ಶನಿಯ ಟೈಟನ್‌ಗೆ ದಟ್ಟ ವಾತಾವರಣವಿದೆ. 1989ರ ಜುಲೈ 3ರಂದು ಅದು ಧನು ರಾಶಿಯ 28ನೆಯ ನಕ್ಷತ್ರವನ್ನು ಮರೆಮಾಡಿದಾಗ ಯುರೋಪಿನ ಉದ್ದಗಲಕ್ಕೂ ಜನ ನೋಡಿದರು. ನೆರಳಿನ ನಟ್ಟನಡುವೆ ಇದ್ದವರಿಗೆ, ನಕ್ಷತ್ರ ಪೂರ್ತಿ ಮರೆಯಲ್ಲಿರಬೇಕಾದ ಹೊತ್ತಿನಲ್ಲೇ, ಬೆಳಕು ಒಮ್ಮೆ ಮಿನುಗಿ ಹೋಯಿತು. ಟೈಟನ್‌ನ ಗಾಳಿ ಮಸೂರದಂತೆ ಎಲ್ಲ ಅಂಚುಗಳಿಂದಲೂ ಬೆಳಕನ್ನು ಬಾಗಿಸಿ ನಡುವಿಗೆ ತಂದ ಫಲ ಅದು. ಗಾಳಿಯ ಹೊದಿಕೆ ಪೂರ್ಣ ದುಂಡಗಿದ್ದಿದ್ದರೆ ಆ ಮಿನುಗು ಒಂದೇ ಬಿಂದುವಿನಲ್ಲಿ ಕೂಡುತ್ತಿತ್ತು. ಊರಿಂದೂರಿಗೆ ಅದರ ಆಕಾರ ಬದಲಾದ ಬಗೆಯಿಂದ ಹೊದಿಕೆ ಚಪ್ಪಟೆಯಾಗಿದೆಯೆಂದೂ, ಮೇಲುಸ್ತರಗಳಲ್ಲಿ ಸೆಕೆಂಡಿಗೆ 100 ಮೀಟರಿಗೂ ಮೀರಿದ ಗಾಳಿ ಬೀಸುತ್ತಿದೆಯೆಂದೂ ತಿಳಿಯಿತು. ಹ್ಯೂಗೆನ್ಸ್ ಶೋಧಕ ಟೈಟನ್ ಮೇಲೆ ಇಳಿದದ್ದು 2005ರ ಜನವರಿ 14ರಂದು. ಅಲ್ಲಿನ ಗಾಳಿಯ ವೇಗ ಅದಕ್ಕೂ 15 ವರ್ಷ ಮೊದಲೇ ನಮಗೆ ಗೊತ್ತಿತ್ತು.

ನೆಪ್ಚೂನ್‌ನ ಟ್ರೈಟಾನ್ ಕಥೆ ಇನ್ನೂ ಮುಖ್ಯ. ಅಲ್ಲಿಗೆ ನೌಕೆ ಹೋದದ್ದು ಒಂದೇ ಸಲ, 1989ರ ಆಗಸ್ಟ್‌ನಲ್ಲಿ. ಆಗ ಅಲ್ಲಿನ ಸಾರಜನಕದ ಗಾಳಿಯ ಒತ್ತಡ ಸುಮಾರು 14 ಮೈಕ್ರೋಬಾರ್, ನಮ್ಮ ಗಾಳಿಯ ಎಪ್ಪತ್ತು ಸಾವಿರದಲ್ಲೊಂದು ಪಾಲು. 1997ರ ಆಚ್ಛಾದನೆಗಳನ್ನು ವಿಶ್ಲೇಷಿಸಿದವರು ಒತ್ತಡ ಏರಿದೆ ಎಂದರು. 2017ರ ಅಕ್ಟೋಬರ್ 5ರಂದು ನೆರಳು ಯುರೋಪಿನಿಂದ ಅಮೆರಿಕದವರೆಗೆ ಸಾಗಿದಾಗ ಸಿಕ್ಕಿದ ಸುಮಾರು 90 ದಾಖಲೆಗಳು ಒತ್ತಡ ಮತ್ತೆ 1989ರ ಮಟ್ಟದ ಹತ್ತಿರವಿದೆ ಎಂದು ಹೇಳಿದವು. ಟ್ರೈಟಾನ್‌ನ ನೆಲದ ಮೇಲೆ ಸಾರಜನಕ ಹಿಮವಾಗಿ ಕೂತಿದೆ. ಋತು ಬದಲಾದಂತೆ ಅದು ಆವಿಯಾಗಿ ಗಾಳಿ ಸೇರುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ನೆಪ್ಚೂನ್ ಸೂರ್ಯನನ್ನು ಒಮ್ಮೆ ಸುತ್ತಲು 165 ವರ್ಷ ಬೇಕು. ಇಷ್ಟು ನಿಧಾನದ ಋತುಚಕ್ರವನ್ನು ಒಂದು ನೌಕೆಯ ಒಂದು ಭೇಟಿ ಹಿಡಿಯಲಾರದು. ಆಚ್ಛಾದನೆಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಖಲಿಸುತ್ತ ಹೋಗುವುದೇ ದಾರಿ.

5. ನಮ್ಮ ಪಾಲಿನ ಕೆಲಸ

ಹಿಂದೆ ದೊಡ್ಡ ತೊಡಕು ಇದ್ದದ್ದು ಮುನ್ಸೂಚನೆಯಲ್ಲಿ. ನಕ್ಷತ್ರದ ಸ್ಥಾನದಲ್ಲಿ 0.1 ಆರ್ಕ್ ಸೆಕೆಂಡ್ ತಪ್ಪಿದ್ದರೆ ಗುರುವಿನ ಉಪಗ್ರಹದ ನೆರಳು 300 ಕಿ.ಮೀ., ನೆಪ್ಚೂನ್‌ನದಾದರೆ 2,000 ಕಿ.ಮೀ. ಪಕ್ಕಕ್ಕೆ ಬೀಳುತ್ತಿತ್ತು. 2013ರಲ್ಲಿ ಹಾರಿದ ಯುರೋಪಿನ ಗೈಯಾ ದೂರದರ್ಶಕ ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿ ಕೊಟ್ಟ ಮೇಲೆ ಈ ತೊಡಕು ಬಹುಪಾಲು ನೀಗಿದೆ. 213 ಕಿ.ಮೀ. ಅಗಲದ ಫೀಬಿಯ ನೆರಳನ್ನು 2017ರಲ್ಲಿ ಜಪಾನಿನಲ್ಲಿ ಹಿಡಿಯಲಾಯಿತು. 2023ರಲ್ಲಿ ಹೊರಟ ಜ್ಯೂಸ್ ನೌಕೆ ಮುಂದೆ ಗ್ಯಾನಿಮೀಡ್‌ನ ಸುತ್ತಲೇ ಸುತ್ತಲಿದೆ. ಅದಕ್ಕೆ ಗುರುವಿನ ಉಪಗ್ರಹಗಳ ಸ್ಥಾನ ಕೆಲವೇ ಕಿಲೋಮೀಟರುಗಳ ಒಳಗೆ ತಿಳಿದಿರಬೇಕು. ಆಚ್ಛಾದನೆಗಳು ಅದನ್ನು ಕೊಡುತ್ತವೆ.

ನಮ್ಮ ರಾಜ್ಯ ಉತ್ತರ ದಕ್ಷಿಣವಾಗಿ ಸುಮಾರು 750 ಕಿ.ಮೀ. ಚಾಚಿದೆ. ಟೈಟಾನಿಯಾದ ನೆರಳು ಬಿದ್ದರೆ ಬೀದರಿನಿಂದ ಚಾಮರಾಜನಗರದವರೆಗೂ ಒಮ್ಮೆಗೇ ಮುಚ್ಚೀತು. ಫೀಬಿಯಂಥದರ ನೆರಳು ದಾವಣಗೆರೆಯ ಆಸುಪಾಸಿನಲ್ಲಿ ಹಾದು ಬೆಂಗಳೂರನ್ನು ಮುಟ್ಟದೆಯೇ ಹೋಗಬಹುದು. ಆ ರಾತ್ರಿ ದೇಶದ ದೊಡ್ಡ ದೂರದರ್ಶಕಗಳೆಲ್ಲ ಸೇರಿದರೂ ದಾವಣಗೆರೆಯ ಒಂದು ಕಾಲೇಜಿನ ಸಣ್ಣ ದೂರದರ್ಶಕಕ್ಕೆ ಸಾಟಿಯಾಗಲಾರವು. ಬೇಕಾದದ್ದು 20ರಿಂದ 30 ಸೆಂಟಿಮೀಟರ್ ಅಗಲದ ದೂರದರ್ಶಕ, ವಿಡಿಯೋ ಕ್ಯಾಮೆರಾ, ಪ್ರತಿ ಚಿತ್ರದ ಮೇಲೂ ಜಿಪಿಎಸ್ ಕಾಲವನ್ನು ಅಚ್ಚೊತ್ತುವ ಸಾಧನ. ಜೊತೆಗೆ ಮೋಡ ಕವಿದರೂ ಬೇಸರಿಸದೆ ಮುಂದಿನ ಘಟನೆಗೆ ಸಿದ್ಧವಾಗುವ ಮನಸ್ಸು.

ಆದ್ದರಿಂದ ಸಭೆಯ ಮುಂದೆ ನನ್ನ ವಿನಂತಿ ಮೂರು. ಪ್ರತಿ ಜಿಲ್ಲೆಯಲ್ಲಿ ಒಂದಾದರೂ ಕಾಲೇಜಿನ ಭೌತಶಾಸ್ತ್ರ ವಿಭಾಗ ಈ ಸಲಕರಣೆ ಇಟ್ಟುಕೊಳ್ಳಲಿ, ವಿದ್ಯಾರ್ಥಿಗಳು ಮೊದಲು ಚಂದ್ರನ ಆಚ್ಛಾದನೆಗಳಲ್ಲಿ ಕೈ ಪಳಗಿಸಿಕೊಳ್ಳಲಿ. ನಕ್ಷತ್ರ ಮರೆಯಾಗಲಿ ಆಗದಿರಲಿ, ವರದಿ ಬರೆದೇ ಬರೆಯುವ ಅಭ್ಯಾಸವಾಗಲಿ. ಮೂಲ ದಾಖಲೆಯನ್ನು ಅಳಿಸದೆ ಕಾಪಾಡಲಿ, ಏಕೆಂದರೆ ಇಂದಿನ ನಮ್ಮ ವ್ಯಾಖ್ಯಾನ ನಾಳೆ ಬಿದ್ದರೂ ಸರಿಯಾಗಿ ಅಳೆದ ಕಾಲ ಉಳಿಯುತ್ತದೆ. ಗ್ಯಾನಿಮೀಡ್‌ನ ತ್ರಿಜ್ಯ ಹಾಗೆ ಉಳಿದಿದೆ. ಟ್ರೈಟಾನ್‌ನ ಋತುಚಕ್ರ ಪೂರ್ತಿಯಾಗುವುದನ್ನು ಇಲ್ಲಿರುವ ಯಾರೂ ಕಾಣುವುದಿಲ್ಲ. ಅದರ ಲೆಕ್ಕದಲ್ಲಿ ಕರ್ನಾಟಕದ ಒಂದೊಂದು ಊರಿನ ಹೆಸರೂ ಸೇರಿರಬೇಕು ಎಂಬುದು ನನ್ನ ಆಸೆ. ಆ ಕೆಲಸಕ್ಕೆ ಈ ದತ್ತಿಯ ಹಣದಿಂದ ಮೊದಲ ದೂರದರ್ಶಕ ಬಂದರೆ ಇಂದಿನ ಉಪನ್ಯಾಸ ಸಾರ್ಥಕ.