ಸೂಜಿಯೊಂದೇ ಮದ್ದಲ್ಲ

(ಮುಚ್ಚಂಡಿಯಲ್ಲಿ ಕೂಲಿಕಾರ ಕುಟುಂಬಗಳ ಮುಂದೆ ಆಡಿದ ಮಾತು)



ತೋಟದ ಕೆಲಸದಿಂದ ಜ್ವರ ಹೊತ್ತು ಬಂದ ನಮ್ಮ ಜನ ದವಾಖಾನೆಯಲ್ಲಿ ಮೊದಲು ಆಡುವ ಮಾತು, "ಸಾಹೇಬ್ರ, ಒಂದು ಸೂಜಿ ಮಾಡ್ರಿ" ಎಂಬುದು. ಬರೀ ಗುಳಿಗೆ ಕೊಟ್ಟು ಕಳಿಸಿದವರು ನಮ್ಮವರ ಲೆಕ್ಕದಲ್ಲಿ ಡಾಕ್ಟರರೇ ಅಲ್ಲ. ನಾಳೆ ಕೆಲಸಕ್ಕೆ ಹೋಗದಿದ್ದರೆ ಪಗಾರವಿಲ್ಲ, ಬೇಗ ಏಳಬೇಕು ಎಂಬ ಆತುರ ಇದರ ಹಿಂದಿದೆ. ಅದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಈ ಆತುರದಿಂದ ಕೂಲಿಯ ಹಣವೂ ಹೋಗಿ, ಕೆಲವೊಮ್ಮೆ ಬೇರೊಂದು ರೋಗವೇ ಮನೆ ಹೊಕ್ಕುತ್ತದೆ.

ನುಂಗಿದ ಗುಳಿಗೆ ಹೊಟ್ಟೆ, ಕರುಳು ದಾಟಿ ರಕ್ತ ಸೇರಲು ಅರ್ಧ ತಾಸು, ಒಂದು ತಾಸು ಬೇಕು. ಸಾದಾ ಜ್ವರಕ್ಕೆ ಅಷ್ಟು ಸಾಕು. ಇನ್ಸುಲಿನ್ನಿನ ಮಾತು ಬೇರೆ. ಅದನ್ನು ಬಾಯಿಂದ ಕೊಟ್ಟರೆ ಉಂಡ ಬೇಳೆಯಂತೆ ಅರಗಿಹೋಗುತ್ತದೆ. ಆದಕಾರಣ ಚರ್ಮದ ಕೆಳಗೆ ಚುಚ್ಚುತ್ತಾರೆ. ಎದೆನೋವಿಗೆ ಡಾಕ್ಟರು ಕೊಟ್ಟ ಒಂದು ಬಗೆಯ ಗುಳಿಗೆಯನ್ನು ಕುಳಿತುಕೊಂಡು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. ಕೆಲವೇ ನಿಮಿಷದಲ್ಲಿ ಅದು ನೇರ ರಕ್ತಕ್ಕೆ ಇಳಿಯುತ್ತದೆ.

ಉಬ್ಬಸದವರು ಪಂಪು ಸೇದಲು ಅಂಜುತ್ತಾರೆ, ಚಟ ಹತ್ತುತ್ತದಂತೆ! ಲೆಕ್ಕ ನೋಡಿರಿ. ಸಾಲ್ಬುಟಮಾಲ್ ಗುಳಿಗೆಯೊಂದರಲ್ಲಿ 4 ಮಿಲಿಗ್ರಾಂ ಔಷಧ. ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ಅಂದರೆ ಗುಳಿಗೆಯ ನಲವತ್ತರಲ್ಲಿ ಒಂದು ಪಾಲು. ನೇರ ಶ್ವಾಸಕೋಶಕ್ಕೇ ಹೋಗುವುದರಿಂದ ಅಷ್ಟು ಸ್ವಲ್ಪವೇ ಸಾಕಾಗುತ್ತದೆ. ಚರ್ಮವೂ ಒಂದು ದಾರಿಯೇ. ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಔಷಧ ಹೊಡೆಯುವವರು ಇದನ್ನು ಮರೆಯಬಾರದು. ಮುಲಾಮು ಇಳಿಯುವ ಚರ್ಮದಿಂದಲೇ ಆ ವಿಷವೂ ಇಳಿಯುತ್ತದೆ. ತೊಯ್ದ ಅಂಗಿಯಲ್ಲೇ ಊಟಕ್ಕೆ ಕೂಡ್ರಬೇಡಿರಿ.

ಈಗ ವಾಂತಿಭೇದಿಯ ಮಾತು. ಇಲ್ಲಿಯೇ ನಮ್ಮ ಮಕ್ಕಳ ಜೀವ ಹೋಗುವುದು, ಇಲ್ಲಿಯೇ "ಸಲಾಯಿನ್ ಹಚ್ಚಿರಿ" ಎಂದು ಸಾಲ ಮಾಡಿ ಓಡುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಲಕ್ಷಗಟ್ಟಲೆ ಬಂದಾಗ ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಕಾಲರಾ ಹಬ್ಬಿತು. ರೋಗಿಗಳು ನೆಲದ ಮೇಲೆ ಮಲಗಿದ್ದರು. ಸಲಾಯಿನ್ ಮುಗಿಯುತ್ತ ಬಂದಿತ್ತು. ಡಾ. ದಿಲೀಪ ಮಹಾಲನಬಿಸ್ ಎಂಬವರು ಉಪ್ಪು, ಸೋಡಾ ಮತ್ತು ಗ್ಲೂಕೋಸ್ ಸಕ್ಕರೆಯನ್ನು ನೀರಿನಲ್ಲಿ ಕಲಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ನೂರಕ್ಕೆ 30ರ ಹತ್ತಿರವಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಭೇದಿ ಆಗುವಾಗಲೂ ಕರುಳು ಸಕ್ಕರೆಯನ್ನು ಹೀರುತ್ತದೆ. ಅದರ ಬೆನ್ನಿಗೆ ಉಪ್ಪೂ ನೀರೂ ಒಳಗೆ ಬರುತ್ತವೆ. ಬರಿಯ ನೀರಿಗೆ ಈ ಶಕ್ತಿ ಇಲ್ಲ.

ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ಶುದ್ಧ ನೀರಿಗೇ ಪೂರ್ತಿ ಹಾಕಬೇಕು. ಅರ್ಧ ಪೊಟ್ಟಣ ಉಳಿಸುವ ಜಾಣತನ ಬೇಡ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರಿಗೆ ಸಣ್ಣ ಚಮಚೆಯಿಂದ ಸಮಮಟ್ಟದ ಆರು ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ತಡೆದು ಮತ್ತೆ ಚಮಚೆ ಚಮಚೆಯಾಗಿ ಕುಡಿಸಿರಿ. ಮೊಲೆಹಾಲು ನಿಲ್ಲಿಸಬೇಡಿರಿ. ಮಗು ಕುಡಿಯಲಾರದೆ ಜೋಲುಬಿದ್ದರೆ, ಕಣ್ಣು ಒಳಗೆ ಹೋಗಿ ಎಚ್ಚರ ತಪ್ಪಿದರೆ, ಆಗ ಸಲಾಯಿನ್ನೇ ಬೇಕು; ಒಂದು ಕ್ಷಣವೂ ತಡಮಾಡಕೂಡದು.

ಹಾವು ಕಡಿದಾಗಲೂ ಹಾಗೆಯೇ. ಅದರ ಪ್ರತಿವಿಷವನ್ನು ರಕ್ತನಾಳಕ್ಕೆ ಕೊಡಬೇಕು. ಗುಳಿಗೆಯಿಲ್ಲ, ಸೊಪ್ಪಿನ ಲೇಪದಿಂದ ಪ್ರಯೋಜನವಿಲ್ಲ. ಕಡಿದ ಕಾಲನ್ನು ಅಲುಗಾಡಿಸದೆ, ಕೊಯ್ಯದೆ, ಬಿಗಿಯಾಗಿ ಕಟ್ಟದೆ ಪ್ರತಿವಿಷವಿರುವ ದೊಡ್ಡ ಸರಕಾರಿ ದವಾಖಾನೆಗೆ ಒಯ್ಯಿರಿ.

ಸೂಜಿ ಬೇಕೇಬೇಕಾದಾಗ ನಿಮ್ಮ ಕಣ್ಣೆದುರೇ ಹೊಸ ಪೊಟ್ಟಣ ಒಡೆಯಲು ಹೇಳಿರಿ. ಕೇಳುವುದರಲ್ಲಿ ನಾಚಿಕೆಯಿಲ್ಲ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಬಳಸಿದ ಸೂಜಿಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್-ಬಿ ಕಾಮಾಲೆ ಹರಡಿ ಹತ್ತಾರು ಜನ ಸತ್ತರು. ಅವರಲ್ಲಿ ಎಷ್ಟು ಮಂದಿಗೆ ಗುಳಿಗೆಯೇ ಸಾಕಿತ್ತೋ!

ಸುಗ್ಗಿಯಲ್ಲಿ ಕಬ್ಬು ಕಡಿಯಲು ಗಾಡಿ ಹತ್ತುವವರು, ಹೊರಡುವ ಮುಂಚೆಯೇ ಆಶಾ ಕಾರ್ಯಕರ್ತೆಯಿಂದ ನಾಲ್ಕಾರು ಓಆರ್‌ಎಸ್ ಪೊಟ್ಟಣಗಳನ್ನೂ ಮಕ್ಕಳ ಭೇದಿಗೆ 14 ದಿನ ಕೊಡುವ ಜಿಂಕ್ ಗುಳಿಗೆಗಳನ್ನೂ ಕೇಳಿ ಗಂಟಿನಲ್ಲಿ ಕಟ್ಟಿಕೊಳ್ಳಿರಿ. ಕಬ್ಬಿನ ಫಡದಲ್ಲಿ ನಡುರಾತ್ರಿ ಅಂಗಡಿ ತೆರೆದಿರುವುದಿಲ್ಲ.